ಹಣ್ಣಿನ ಗಟ್ಟಿತನ ಮತ್ತು ಕುಲಾಂತರಿ ಟೊಮೆಟೊ: ರಾಂಪುರ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ಚಾರಿತ್ರಿಕ ಅವಲೋಕನ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ರಾಂಪುರವು ಬಳ್ಳಾರಿ ರಸ್ತೆಯ ಮೇಲಿರುವ ಊರು. ಮೊಳಕಾಲ್ಮುರು ಹಾಗೂ ಚಳ್ಳಕೆರೆ ತಾಲ್ಲೂಕುಗಳು ರಾಜ್ಯದ ಅತ್ಯಂತ ಕಡಿಮೆ ಮಳೆಯ ಪ್ರದೇಶಗಳಲ್ಲಿ ಸೇರಿವೆ. ಶೇಂಗಾ ಇಲ್ಲಿನ ಮುಖ್ಯ ಮಳೆಯಾಶ್ರಿತ ಬೆಳೆ. ಕೊಳವೆಬಾವಿಯ ನೀರು ದೊರೆತಲ್ಲಿ ಈರುಳ್ಳಿ, ಟೊಮೆಟೊಗಳೂ ಬಂದವು. ಒಣಗಿದ ಶೇಂಗಾಕಾಯಿಯನ್ನು ಬೆಲೆ ಬರುವವರೆಗೆ ಮನೆಯಲ್ಲಿ ಇರಿಸಿಕೊಳ್ಳಬಹುದು. ಕೊಯ್ದ ಟೊಮೆಟೊವನ್ನು ಹಾಗೆ ಇರಿಸಲಾಗದು. ಬೆಲೆ ಕುಸಿದ ದಿನ ಬೆಳೆಗಾರನು ಬಂದಷ್ಟಕ್ಕೆ ಮಾರಬೇಕು, ಇಲ್ಲವೇ ರಸ್ತೆಯ ಬದಿಗೆ ಸುರಿಯಬೇಕು. ಈ ಅಸಹಾಯಕತೆಗೆ ಪ್ರಯೋಗಾಲಯ ಕಂಡುಕೊಂಡ ಒಂದು ಉತ್ತರ ಕುಲಾಂತರಿ ಟೊಮೆಟೊ. ಅದು ಇಂತಹ ಹೊಲಗಳನ್ನು ಏಕೆ ತಲುಪಲಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಣ್ಣು ಮಾಗುವಾಗ ಎಥಿಲೀನ್ ಅನಿಲದ ಪ್ರೇರಣೆಯಿಂದ ಹಲವು ಕಿಣ್ವಗಳು ಚುರುಕುಗೊಳ್ಳುತ್ತವೆ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಕರಗಿ ಹಣ್ಣು ಮೆತ್ತಗಾಗುತ್ತದೆ. ದೋರಗಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುವ ನಮ್ಮ ಹಿರಿಯರ ಪದ್ಧತಿ ಮಾಗುವಿಕೆಯನ್ನು ತ್ವರೆಗೊಳಿಸುವ ವಿದ್ಯೆಯಾಗಿತ್ತು. ದೂರದ ಮಾರುಕಟ್ಟೆಗಳು ಬೆಳೆದಂತೆ ಅದನ್ನು ತಡೆಯುವ ವಿದ್ಯೆ ಅಗತ್ಯವಾಯಿತು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಮೇಣದ ಲೇಪದಂತಹ ವಿಧಾನಗಳನ್ನು ರೂಪಿಸಿತು. ಇವೆಲ್ಲ ಹಣ್ಣಿನ ಹೊರಗಿನ ಉಪಾಯಗಳು.

ಹಣ್ಣಿನ ಒಳಗೇ ಬದಲಾವಣೆ ತರುವ ಯತ್ನವು ಅಮೆರಿಕದಲ್ಲಿ ಮೊದಲು ಮಾರುಕಟ್ಟೆ ತಲುಪಿತು. ಕ್ಯಾಲಿಫೋರ್ನಿಯಾದ ಕ್ಯಾಲ್ಜೀನ್ ಸಂಸ್ಥೆಯು ಪಾಲಿಗ್ಯಾಲಕ್ಟುರೊನೇಸ್ ಎಂಬ ಕಿಣ್ವದ ವಂಶವಾಹಿಯನ್ನು ತಲೆಕೆಳಗಾಗಿ ಸೇರಿಸಿ, ಆ ಕಿಣ್ವದ ಉತ್ಪತ್ತಿಯನ್ನು ತಗ್ಗಿಸಿತು. 1994ರ ಮೇ ತಿಂಗಳಲ್ಲಿ ‘ಫ್ಲೇವರ್ ಸೇವರ್’ ಟೊಮೆಟೊಗೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ದೊರೆಯಿತು. ಆದರೆ ಮೆತ್ತಗಾಗುವಿಕೆಯು ಒಂದೇ ಕಿಣ್ವದ ಕೆಲಸವಾಗಿರಲಿಲ್ಲ. ಸಾಗಣೆಯಲ್ಲಿ ಹಣ್ಣು ನಿರೀಕ್ಷೆಯಷ್ಟು ತಾಳಲಿಲ್ಲ, ವ್ಯಾಪಾರವೂ ಲಾಭ ತರಲಿಲ್ಲ. 1997ರ ವೇಳೆಗೆ ಅದು ಮಾರುಕಟ್ಟೆಯಿಂದ ಮರೆಯಾಯಿತು.

ಭಾರತದಲ್ಲಿ ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯಲ್ಲಿ ಆಶಿಸ್ ದತ್ತಾ ಮತ್ತು ಸಹೋದ್ಯೋಗಿಗಳು ಬೇರೆ ದಾರಿ ಹಿಡಿದರು. ಕೋಶಭಿತ್ತಿಯ ಪ್ರೋಟೀನುಗಳ ಸಕ್ಕರೆ ಸರಪಳಿಗಳನ್ನು ಒಡೆಯುವ ಎರಡು ಕಿಣ್ವಗಳನ್ನು ಅವರು ಅಡಗಿಸಿದರು. ಸಾಮಾನ್ಯ ಹಣ್ಣು 15 ದಿನಗಳ ಬಳಿಕ ಸುಕ್ಕುಗಟ್ಟತೊಡಗಿದರೆ, ಈ ಹಣ್ಣುಗಳು 45 ದಿನಗಳವರೆಗೆ ಗಟ್ಟಿತನ ಉಳಿಸಿಕೊಂಡವೆಂದು 2010ರ ಫೆಬ್ರವರಿಯಲ್ಲಿ ಪ್ರಕಟವಾಯಿತು.

ಅದೇ ತಿಂಗಳ 9ರಂದು ಕೇಂದ್ರ ಪರಿಸರ ಸಚಿವ ಜೈರಾಂ ರಮೇಶ್ ಅವರು ಬಿ.ಟಿ. ಬದನೆಗೆ ತಡೆ ಘೋಷಿಸಿದುದು ಗಮನಾರ್ಹ. ಅದಕ್ಕೆ ಮುನ್ನ ದೇಶದ 7 ನಗರಗಳಲ್ಲಿ ನಡೆದ ಸಾರ್ವಜನಿಕ ಸಮಾಲೋಚನೆಗಳಲ್ಲಿ ಕೊನೆಯದು ಬೆಂಗಳೂರಿನದು. ಈ ವಿರೋಧಕ್ಕೆ ಕರ್ನಾಟಕದಲ್ಲಿ ಹಿನ್ನೆಲೆಯಿತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘವು 1998ರ ಕೊನೆಯಲ್ಲಿ ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಬಿ.ಟಿ. ಹತ್ತಿಯ ಪ್ರಯೋಗ ತಾಕುಗಳನ್ನು ಸುಟ್ಟಿತ್ತು. ಬೀಜದ ಒಡೆತನ ಯಾರದೆಂಬುದು ಅಂದಿನ ಮೂಲ ಪ್ರಶ್ನೆ. ಬದನೆಗೆ ಸೇರಿದ್ದು ಕೀಟನಾಶಕ ಗುಣದ ಬ್ಯಾಕ್ಟೀರಿಯಾ ವಂಶವಾಹಿ. ದೆಹಲಿಯ ಟೊಮೆಟೊದಲ್ಲಿ ನಡೆದದ್ದು ಮುಖ್ಯವಾಗಿ ಸಸ್ಯದ್ದೇ ವಂಶವಾಹಿಯ ಅಡಗಿಸುವಿಕೆ. ಈ ಭೇದವು ಸಾರ್ವಜನಿಕ ಚರ್ಚೆಯಲ್ಲಿ ಬಹುಮಟ್ಟಿಗೆ ಮರೆಯಾಯಿತು. ಹಾಗೆಂದು ಒಡೆತನದ ಪ್ರಶ್ನೆಯು ಟೊಮೆಟೊಗೆ ಅನ್ವಯಿಸುವುದಿಲ್ಲವೆಂದು ಹೇಳುವಂತಿಲ್ಲ.

ಈ ನಡುವೆ ರೈತರಿಗೆ ಗಟ್ಟಿ ಹಣ್ಣು ದೊರೆತದ್ದು ಸಾಂಪ್ರದಾಯಿಕ ತಳಿ ಅಭಿವೃದ್ಧಿಯಿಂದ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಸಂಕರಣ ತಳಿಯು ಮೂರು ರೋಗಗಳನ್ನು ತಡೆಯುವುದರೊಂದಿಗೆ ಗಟ್ಟಿ ಹಣ್ಣನ್ನೂ ನೀಡಿತು. 2016ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ನೇತೃತ್ವದ ಸಂಶೋಧಕರು ಪೆಕ್ಟೇಟ್ ಲಯೇಸ್ ಕಿಣ್ವವನ್ನು ಅಡಗಿಸಿ, ಮಾಗುವಿಕೆಯ ಇತರ ಗುಣಗಳಿಗೆ ಧಕ್ಕೆಯಾಗದಂತೆ ಗಟ್ಟಿತನ ಉಳಿಸಬಹುದೆಂದು ತೋರಿಸಿದರು. ಭಾರತ ಸರ್ಕಾರವು 2022ರ ಮಾರ್ಚ್‌ನಲ್ಲಿ, ಹೊರಗಿನ ವಂಶವಾಹಿ ಉಳಿಯದ ಕೆಲವು ಬಗೆಯ ಜೀನೋಮ್ ಸಂಪಾದಿತ ಸಸ್ಯಗಳಿಗೆ 1989ರ ನಿಯಮಗಳ ಕೆಲವು ಷರತ್ತುಗಳಿಂದ ವಿನಾಯಿತಿ ನೀಡಿತು. ಹೀಗೆ ಮುಚ್ಚಿದ್ದ ಬಾಗಿಲು ಭಾಗಶಃ ತೆರೆದಿದೆ.

ಆದರೆ ಹೆಚ್ಚುವರಿ ದಿನಗಳು ಯಾರ ಪಾಲಾಗುತ್ತವೆ? ಹಣ್ಣು ಯಾರ ಕೈಯಲ್ಲಿದೆಯೋ ಕಾಯುವ ಶಕ್ತಿ ಅವರದು. ರಾಂಪುರದಂತಹ ಊರಿನ ಬೆಳೆಗಾರನಿಗೆ ಹಣ್ಣನ್ನು ಇರಿಸುವ ನೆರಳು, ಅಂದಿನ ಖರ್ಚಿಗೆ ಹಣ, ಬೆಲೆ ಕೇಳುವ ಇನ್ನೊಂದು ಮಾರುಕಟ್ಟೆ ಇಲ್ಲದಿದ್ದರೆ, ಹಣ್ಣು 45 ದಿನ ಉಳಿದರೂ ಕೊಯ್ದ ದಿನವೇ ಅವನ ಕೈ ಬಿಡುತ್ತದೆ, ಲಾಭ ವರ್ತಕನದಾಗುತ್ತದೆ. ಫ್ಲೇವರ್ ಸೇವರ್‌ನ ಸೋಲು ಜೀವಶಾಸ್ತ್ರದ ಅರೆ ತಿಳಿವಳಿಕೆಯ ಪಾಠವಾದರೆ, 2010ರ ಪ್ರಸಂಗವು ಬೇರೆ ಬೇರೆ ತಂತ್ರಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದರ ಪಾಠ. ಶೇಂಗಾ ಬೆಳೆಗಾರನಿಗೆ ಸಹಜವಾಗಿ ದೊರೆತಿರುವ ಕಾಯುವ ಸ್ವಾತಂತ್ರ್ಯವನ್ನು ಟೊಮೆಟೊ ಬೆಳೆಗಾರನಿಗೂ ದೊರಕಿಸುವುದು ವಂಶವಾಹಿಯೊಂದರಿಂದಲೇ ಆಗುವ ಕೆಲಸವಲ್ಲ ಎಂಬುದೇ ಈ ಅವಲೋಕನದಿಂದ ಕಂಡುಬರುವ ಸಂಗತಿ.