ಕಯಾಸ್ಮ

ಗ್ರೀಕ್ ವರ್ಣಮಾಲೆಯಲ್ಲಿ 22ನೆಯದಾದ ‘ಖೈ’ ಎಂಬ ಅಕ್ಷರವು ಕತ್ತರಿಯ ಅಲಗುಗಳಂತೆ ಒಂದನ್ನೊಂದು ಹಾಯ್ದ ಎರಡು ಗೆರೆಗಳಿಂದಾದುದು. ಆ ಗುರುತನ್ನು ಹಾಕುವುದೆಂಬ ಅರ್ಥದ ಕ್ರಿಯಾಪದದಿಂದ ನಿಷ್ಪನ್ನವಾದ ‘ಕಯಾಸ್ಮ’ ಶಬ್ದವನ್ನು ಅಂಗರಚನಾಶಾಸ್ತ್ರಜ್ಞರು ದೃಷ್ಟಿನರಗಳು ಮಿದುಳಿನ ಬುಡದಲ್ಲಿ ಸಂಧಿಸುವೆಡೆಗೆ ಬಳಸುತ್ತ ಬಂದಿದ್ದಾರೆ. ಅನುವಂಶೀಯತೆಯ ಶಾಸ್ತ್ರದಲ್ಲಿ ಇದಕ್ಕೆ ಸ್ಥಾನವನ್ನು ದೊರಕಿಸಿದವನು, ಸಾಲಮಾಂಡರ್ ಎಂಬ ಉಭಯಚರಿಯ ವೃಷಣಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ 1909ರಲ್ಲಿ ತನ್ನ ಸಿದ್ಧಾಂತವನ್ನು ಪ್ರಕಟಿಸಿದ, ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಪಾದ್ರಿಯೂ ಆದ ಯಾನ್ಸೆನ್ಸ್.

ಲಿಂಗಾಣುಗಳು ರೂಪುಗೊಳ್ಳುವ ಮಿಯಾಸಿಸ್ ವಿಭಜನೆಯಲ್ಲಿ, ತಂದೆಯಿಂದ ಬಂದ ವರ್ಣತಂತುವೂ ತಾಯಿಯಿಂದ ಬಂದ ಅದರ ಜೊತೆಯದೂ ಉದ್ದಕ್ಕೂ ಒತ್ತಾಗಿ ಹೊಂದಿಕೊಂಡು, ಎರಡರ ಎಳೆಗಳೂ ಸಮಾನ ಸ್ಥಾನದಲ್ಲಿ ತುಂಡಾಗಿ, ಆ ತುಂಡುಗಳು ಅದಲುಬದಲಾಗಿ ಬೆಸೆದುಕೊಂಡ ಬಳಿಕ, ಜೋಡಿಯು ಅಗಲತೊಡಗಿದಾಗಲೂ ಬಿಡದೆ ಕೂಡಿಕೊಂಡಿರುವ ಎಡೆಯೇ ಕಯಾಸ್ಮ. ವಿನಿಮಯಕ್ಕೇ ಈ ಪದವನ್ನು ಪರ್ಯಾಯವಾಗಿ ಪ್ರಯೋಗಿಸುವುದು ಸಾಧುವಲ್ಲವೆಂದೇ ನನ್ನ ಅಭಿಪ್ರಾಯ: ವಿನಿಮಯವು ಕ್ರಿಯೆ, ಕಯಾಸ್ಮವು ಅದು ಉಳಿಸಿದ, ಕಣ್ಣಿಗೆ ಕಾಣುವ ಕುರುಹು. ಕ್ರಿಯೆಗೆ ‘ಕ್ರಾಸಿಂಗ್ ಓವರ್’ ಎಂಬ ಬೇರೆಯ ಹೆಸರನ್ನು ಮಾರ್ಗನ್ ಮತ್ತು ಕ್ಯಾಟೆಲ್ ಎಂಬ ವಿಜ್ಞಾನಿಗಳು 1912ರಲ್ಲಿಯೇ ಇತ್ತರು. ಕನ್ನಡದಲ್ಲಿ ಅದು ‘ಅಡ್ಡಹಾಯುವಿಕೆ’. ವರ್ಣತಂತುಗಳ ಭಾಗಗಳು ನಿಜವಾಗಿಯೂ ಸ್ಥಾನ ಬದಲಿಸುವುವೆಂಬುದನ್ನು ಮೆಕ್ಕೆಜೋಳದಲ್ಲಿ ಹ್ಯಾರಿಯೆಟ್ ಕ್ರೈಟನ್, ಬಾರ್ಬರಾ ಮೆಕ್ಲಿಂಟಾಕ್ ಎಂಬ ವಿದುಷಿಯರು ಪ್ರತ್ಯಕ್ಷಪಡಿಸಿದುದು 1931ರಲ್ಲಿ.

ಸಂತತಿಯ ವೈವಿಧ್ಯಕ್ಕೆ ಕಾರಣವಾದ ವಿನಿಮಯದ ಗುರುತೆಂದೇ ಕಯಾಸ್ಮಕ್ಕೆ ಪ್ರಸಿದ್ಧಿಯಿದ್ದರೂ, ಜೋಡಿಯನ್ನು ಸಕಾಲದವರೆಗೆ ಹಿಡಿದಿಟ್ಟು ಕ್ರಮವಾಗಿ ಬೇರ್ಪಡಲು ನೆರವಾಗುವ ಅದರ ಕಾರ್ಯವು ಕಡಿಮೆ ಮಹತ್ತ್ವದ್ದಲ್ಲ. ಮಾನವರ ಅಂಡಾಣುವಿನಲ್ಲಿ ಈ ಬಂಧವು ತಪ್ಪಿದರೆ, 21ನೆಯ ವರ್ಣತಂತುವೊಂದು ಹೆಚ್ಚಾಗಿ ಉಳಿದು ಡೌನ್ ಸಿಂಡ್ರೋಮ್ ಉಂಟಾಗುವ ಸಂಭವವುಂಟು.