‘ಮುಸೆಲ್ಮಾನ್’: ಒಂದು ಶಿಬಿರಪದದ ತಪ್ಪು ಓದು

ಇಟಲಿಯ ತತ್ತ್ವಜ್ಞಾನಿ ಜಾರ್ಜೊ ಅಗಾಂಬೆನ್ ಆಶ್ವಿಟ್ಜ್‌ನ ಅವಶೇಷಗಳ ಬಗ್ಗೆ ಬರೆದ ಪುಸ್ತಕ 1998ರಲ್ಲಿ ಇಟಾಲಿಯನ್ನಿನಲ್ಲಿ, ಮರುವರ್ಷ ಇಂಗ್ಲಿಷಿನಲ್ಲಿ ಬಂತು. ನಾಜಿ ಶಿಬಿರಗಳ ಕೈದಿಗಳಲ್ಲಿ ನಂಬಿಕೆ ಉಳಿಯಿತೆ, ಮನುಷ್ಯತ್ವ ಉಳಿಯಿತೆ ಎಂದು ಬರೆಯುವವರು ಈಗ ಬಹುಮಟ್ಟಿಗೆ ಅದರ ಎರಡನೆಯ ಅಧ್ಯಾಯದಿಂದಲೇ ಮಾತು ಶುರುಮಾಡುತ್ತಾರೆ. ಆ ಅಧ್ಯಾಯದ ಹೆಸರು ‘ಮುಸೆಲ್ಮಾನ್’. ಹಸಿದು ಹಸಿದು ನಿಲ್ಲಲಾರದ, ಕರೆದರೆ ಓಗೊಡದ, ಇನ್ನು ಎಂಟು ದಿನ ಬದುಕಿದರೆ ಹೆಚ್ಚು ಎನ್ನುವಂಥ ಕೈದಿಗೆ ಆಶ್ವಿಟ್ಜ್‌ನ ಹಳೆಯ ಕೈದಿಗಳು ಇಟ್ಟ ಅಡ್ಡಹೆಸರು ಅದು. ಜರ್ಮನ್ನಿನಲ್ಲಿ ಅದರ ಅರ್ಥ ಮುಸಲ್ಮಾನ ಎಂದೇ. ಈ ಹೆಸರು ಹೇಗೆ ಬಂತೆಂಬುದಕ್ಕೆ ಇರುವ ವಿವರಣೆಗಳಲ್ಲಿ ಅಗಾಂಬೆನ್ ಹೆಚ್ಚು ಸಂಭವನೀಯವೆಂದು ಎತ್ತಿಕೊಳ್ಳುವುದು ಒಂದನ್ನು: ಅರಬ್ಬಿಯ ‘ಮುಸ್ಲಿಂ’ ಎಂದರೆ ದೇವರ ಇಚ್ಛೆಗೆ ಪೂರ್ತಿ ಶರಣಾದವನು, ಶಿಬಿರದಲ್ಲಿ ಎಲ್ಲವನ್ನೂ ಬಿಟ್ಟುಕೊಟ್ಟವನಿಗೆ ಆ ಹೆಸರು ಅಂಟಿತು. ಮುಸ್ಲಿಮನ ಶರಣಾಗತಿಯಲ್ಲಿ ದೃಢವಾದ ನಂಬಿಕೆಯಿದೆ, ಶಿಬಿರದವನಲ್ಲಿ ಇಚ್ಛೆಯೇ ಸತ್ತಿದೆ ಎಂಬ ವ್ಯತ್ಯಾಸವನ್ನೂ ಅವರು ಹೇಳುತ್ತಾರೆ. ಅಷ್ಟು ಹೇಳಿದವರು ಹಾಗಾದರೆ ಈ ವ್ಯುತ್ಪತ್ತಿ ಯಾಕೆ ಬೇಕು ಎಂದು ಕೇಳಿಕೊಳ್ಳಲಿಲ್ಲ. ನನ್ನ ತಕರಾರು ಅಲ್ಲಿಂದಲೇ.

ಅಗಾಂಬೆನ್ ತಮ್ಮ ಮುಖ್ಯ ಸಾಕ್ಷಿಯಾಗಿ ನಂಬುವುದು ಶಿಬಿರದಿಂದ ಬದುಕಿ ಬಂದ ಲೇಖಕ ಪ್ರೀಮೊ ಲೆವಿಯವರನ್ನು. ಲೆವಿ ಏನು ಹೇಳಿದ್ದರು? 1947ರ ತಮ್ಮ ಮೊದಲ ಪುಸ್ತಕದಲ್ಲಿ, ಹಳಬರು ಈ ಪದವನ್ನು ಯಾಕೆ ಬಳಸುತ್ತಿದ್ದರೋ ತನಗೆ ಗೊತ್ತಿಲ್ಲ ಎಂದು ಒಂದು ಟಿಪ್ಪಣಿಯಲ್ಲಿ ಬರೆದರು. ಸುಮಾರು ನಲವತ್ತು ವರ್ಷಗಳ ನಂತರ, 1986ರ ಪುಸ್ತಕದಲ್ಲಿ, ಎರಡು ವಿವರಣೆಗಳು ಪ್ರಚಾರದಲ್ಲಿವೆ ಎಂದರು: ವಿಧಿವಾದ ಮತ್ತು ತಲೆಗೆ ಸುತ್ತಿದ ಬ್ಯಾಂಡೇಜು ಮುಂಡಾಸಿನಂತೆ ಕಾಣುತ್ತಿದ್ದದ್ದು. ಎರಡೂ ಅವರಿಗೆ ಒಪ್ಪಿಗೆಯಾಗಲಿಲ್ಲ. 174517 ಎಂಬ ಸಂಖ್ಯೆಯನ್ನು ತೋಳ ಮೇಲೆ ಹೊತ್ತು ಆಶ್ವಿಟ್ಜ್‌ನ ಉಪಶಿಬಿರ ಮೊನೊವಿಟ್ಜ್‌ನಲ್ಲಿ ಸುಮಾರು ಹನ್ನೊಂದು ತಿಂಗಳು ಕಳೆದವರು ಒಪ್ಪದ ವಿಧಿವಾದವೇ ಅಗಾಂಬೆನ್‌ರಲ್ಲಿ ಅರಬ್ಬಿ ಧಾತುವಿನ ವೇಷ ತೊಟ್ಟು ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಲೆವಿ ಮಾತಿನ ಪ್ರಾಮಾಣ್ಯವನ್ನು ಅಷ್ಟು ಎತ್ತರಕ್ಕೆ ಏರಿಸಿದವರು ಇಲ್ಲಿ ಮಾತ್ರ ಅದನ್ನು ದಾಟಿ ಹೋದದ್ದು ನನಗೆ ಸರಿಯೆನಿಸುವುದಿಲ್ಲ.

ಇನ್ನೊಂದು ವಿವರಣೆ ಪೋಲೆಂಡಿನ ವೈದ್ಯರಾದ ರಿನ್ ಮತ್ತು ಕ್ವೊಜಿನ್‌ಸ್ಕಿ ಅವರ ಅಧ್ಯಯನದಿಂದ ಬಂದದ್ದು. ಅವರು ಬದುಕುಳಿದ 89 ಜನರ ಹೇಳಿಕೆ ಸಂಗ್ರಹಿಸಿದರು. ಜರ್ಮನ್ ಪಾಠ 1987ರಲ್ಲಿ ಅಚ್ಚಾಯಿತು. ದೂರದಿಂದ ನೋಡಿದರೆ ಈ ಕೈದಿಗಳು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತ ಅರಬರು ಪ್ರಾರ್ಥನೆ ಮಾಡುವಂತೆ ಕಾಣುತ್ತಿದ್ದರು, ಆದ್ದರಿಂದ ಆ ಹೆಸರು ಎಂಬುದು ಅಲ್ಲಿನ ಮಾತು. ಈ ವಾಕ್ಯ ಪುಸ್ತಕದಿಂದ ಪುಸ್ತಕಕ್ಕೆ ಹಾಗೇ ದಾಟಿಕೊಂಡು ಬಂದಿದೆ.

ಇದನ್ನು ನಾನು ಜೇವರ್ಗಿಯ ನಮ್ಮ ಓಣಿಯ ಹಿರಿಯ ದರ್ಜಿಯೊಬ್ಬರಿಗೆ ಓದಿ ಹೇಳಿದೆ. ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆದು, ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೆಂದರು: “ನಮಾಜ್‌ದಾಗ ಯಾರು ತೂಗಾಡ್ತಾರ್ರೀ ಸರ? ಹಂಗ ಮಾಡಿದ್ರ ನಮಾಜೇ ಕೆಡ್ತದ.” ಎದ್ದು ನಿಂತು ತೋರಿಸಿಯೂ ಕೊಟ್ಟರು. ಕೈಕಟ್ಟಿ ನಿಂತಾಗ ದೃಷ್ಟಿ ಸಿಜ್ದಾದ ಜಾಗದ ಮೇಲೆ, ರುಕೂದಲ್ಲಿ ಅಂಗೈ ಮೊಣಕಾಲ ಮೇಲೆ, ಬೆನ್ನು ಹಲಗೆಯಂತೆ ಸಮ. ಸಿಜ್ದಾದಲ್ಲಿ ಹಣೆ, ಮೂಗು ನೆಲಕ್ಕೆ. ಒಂದು ನಿಲುವಿನಿಂದ ಇನ್ನೊಂದಕ್ಕೆ ಹೋಗುವಾಗಲೂ ಅವಸರವಿಲ್ಲ. ಕುರಾನ್ ಬಾಯಿಪಾಠ ಮಾಡುವ ಹುಡುಗರು ತೂಗುತ್ತಾರಲ್ಲ ಎಂದು ಕೇಳಿದೆ. ಅದು ಓದು, ಅದು ಬ್ಯಾರೆ ಎಂದರು.

ಇದು ಗ್ರಂಥಾಲಯದಲ್ಲಿ ಸಿಗುವ ಆಧಾರವಲ್ಲ, ಗೊತ್ತು. ಆದರೆ ಕಲಬುರಗಿಯ ಬಂದೇನವಾಜ್ ದರ್ಗಾಕ್ಕೆ ಚಿಕ್ಕಂದಿನಿಂದ ಹೋಗಿಬರುವ ಯಾರಿಗೂ ಇಷ್ಟು ತಿಳಿದಿರುತ್ತದೆ. ಆ ಹೋಲಿಕೆ ನಮಾಜನ್ನು ಹತ್ತಿರದಿಂದ ಕಂಡವರ ಮಾತಲ್ಲ. ಇನ್ನೂ ಮುಖ್ಯವಾದದ್ದು: ತೂಗುತ್ತ ಪ್ರಾರ್ಥಿಸುವವರು ಶಿಬಿರದೊಳಗೇ ಇದ್ದರು. ಯಹೂದಿ ಪ್ರಾರ್ಥನೆಯಲ್ಲಿ ಮೈ ಹಿಂದೆ ಮುಂದೆ ತೂಗುವುದು ಹಳೆಯ ರೂಢಿ. ಅಕ್ಟೋಬರ್ 1944ರಲ್ಲಿ, ಗ್ಯಾಸ್ ಕೋಣೆಗೆ ಕಳಿಸಬೇಕಾದವರ ಆಯ್ಕೆ ಮುಗಿದ ರಾತ್ರಿ, ಕುನ್ ಎಂಬ ಮುದುಕ ತಲೆಗೆ ಟೊಪ್ಪಿಗೆ ಹಾಕಿ, ಜೋರಾಗಿ ತೂಗುತ್ತ, ತಾನು ಆಯ್ಕೆಯಾಗಲಿಲ್ಲವೆಂದು ದೇವರಿಗೆ ಕೃತಜ್ಞತೆ ಹೇಳುತ್ತಿದ್ದುದನ್ನು ಲೆವಿ ತನ್ನ ಹಲಗೆಯ ಮೇಲಿಂದ ನೋಡಿದರು. ಕುನ್‌ನನ್ನು ಅವರು ಮುಸೆಲ್ಮಾನ್ ಎಂದು ಕರೆಯುವುದಿಲ್ಲ. ತೂಗುವ ಮೈಯೇ ಆ ಹೆಸರಿಗೆ ಕಾರಣವಾಗಿದ್ದರೆ, ಯಹೂದಿ ಕೈದಿಗೆ ಮೊದಲು ನೆನಪಾಗಬೇಕಾದ್ದು ತನ್ನದೇ ಸಿನಗಾಗ್, ಅರಬಸ್ಥಾನವಲ್ಲ.

ಬೇರೆ ಶಿಬಿರಗಳ ಪದಗಳನ್ನು ಪಕ್ಕದಲ್ಲಿಟ್ಟರೆ ವಿಷಯ ತಿಳಿಯಾಗುತ್ತದೆ. ಈ ಪಟ್ಟಿಯನ್ನು ಸೋಫ್‌ಸ್ಕಿ ಎಂಬ ಸಮಾಜಶಾಸ್ತ್ರಜ್ಞರಿಂದ ಅಗಾಂಬೆನ್ ತಾವೇ ಎತ್ತಿ ಕೊಡುತ್ತಾರೆ, ಕೊಟ್ಟು ಮುಂದೆ ಹೋಗಿಬಿಡುತ್ತಾರೆ. ಇಂಥದೇ ಕೈದಿಗೆ ನೊಯೆನ್‌ಗಾಮೆಯಲ್ಲಿ ‘ಒಂಟೆ’, ಬುಖೆನ್‌ವಾಲ್ಡ್‌ನಲ್ಲಿ ‘ದಣಿದ ಶೇಖ’, ದಾಖೌನಲ್ಲಿ ‘ಪೆದ್ದ’ ಎನ್ನುತ್ತಿದ್ದರು. ಒಂಟೆಗೂ ಶೇಖನಿಗೂ ಯಾವ ಧಾತುವಿನಿಂದ ಶರಣಾಗತಿ ಹುಟ್ಟಿಸುವುದು? ಇವು ಮಕ್ಕಳ ಚಿತ್ರಪುಸ್ತಕದ ಪೂರ್ವದೇಶದಿಂದ ಹೆಕ್ಕಿದ ಹಂಗಿಸುವ ಮಾತುಗಳು. ‘ಮುಸೆಲ್ಮಾನ್’ ಆ ಸಾಲಿನ ಒಂದು ಪದ. ಮೇಲಾಗಿ ಜರ್ಮನ್ನರಿಗೆ ಈ ಪದ ಬಂದದ್ದು ಪಾರಸಿಯ ‘ಮುಸಲ್ಮಾನ್’ ಮೂಲಕ, ನಮಗೆ ಬಂದ ಹಾಗೆಯೇ. ಅದನ್ನಾಡಿದ ಕೈದಿಯ ಬಾಯಲ್ಲಿ ಅರಬ್ಬಿ ಧಾತು ಇರಲಿಲ್ಲ.

ಏನಿತ್ತು ಎಂಬುದಕ್ಕೆ ಬಹಳ ಜನ ಗಮನಿಸದ ಒಂದು ಆಧಾರವಿದೆ. 1853ರಲ್ಲಿ ತೀರಿಕೊಂಡ ಕಾರ್ಲ್ ಗಾಟ್ಲೀಬ್ ಹೆರಿಂಗ್ ಎಂಬ ಸಂಗೀತ ಮೇಷ್ಟರು ಮಕ್ಕಳಿಗಾಗಿ ಕಟ್ಟಿದ ಕಾಫಿಯ ಹಾಡು. ಜರ್ಮನ್ ಶಾಲೆಗಳಲ್ಲಿ ಒಬ್ಬರ ಹಿಂದೊಬ್ಬರು ಸೇರಿಕೊಂಡು ಹಾಡುವಂಥದ್ದು. ತುರ್ಕರ ಈ ಪಾನೀಯ ಮಕ್ಕಳಿಗಲ್ಲ, ಅದು ನರ ಕುಗ್ಗಿಸುತ್ತದೆ, ಮುಖ ಬಿಳಿಚಿಸಿ ರೋಗಿ ಮಾಡುತ್ತದೆ, ಅದನ್ನು ಬಿಡಲಾರದ ಮುಸೆಲ್ಮಾನ್ ನೀನಾಗಬೇಡ ಎಂಬುದು ಅದರ ಬುದ್ಧಿಮಾತು. ಬಿಳಿಚಿದವನು, ಬಲವಿಲ್ಲದವನು, ತನ್ನ ಮೇಲೆ ಹಿಡಿತವಿಲ್ಲದವನು. ಹಾಡಿನಿಂದಲೇ ಪದ ನೇರವಾಗಿ ಶಿಬಿರಕ್ಕೆ ನಡೆದು ಬಂತೆಂದು ನಾನು ಸಾಧಿಸುತ್ತಿಲ್ಲ. ಆ ಪದಕ್ಕೆ ಜರ್ಮನ್ ಕಿವಿಯಲ್ಲಿ ಯಾವ ಬಣ್ಣ ಮೊದಲೇ ಹತ್ತಿತ್ತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಅಷ್ಟಕ್ಕೆ ಅರಬ್ಬಿ ನಿಘಂಟಿಗಿಂತ ಅದು ಗಟ್ಟಿ.

ಇಷ್ಟೊಂದು ಒಂದು ಪದದ ಮೇಲೆ ಯಾಕೆ ಎಂದರೆ, ವ್ಯುತ್ಪತ್ತಿಯ ಬೆನ್ನಿಗೆ ಒಂದು ತೀರ್ಪೂ ಬರುತ್ತದೆ: ಇವರು ಶರಣಾದರು, ಸೋತರು, ಅಂದರೆ ಮನಸ್ಸು ಮಾಡಿದ್ದರೆ ಉಳಿಯಬಹುದಿತ್ತು. ಈ ತೀರ್ಪನ್ನು ಮನಶ್ಶಾಸ್ತ್ರದ ಭಾಷೆಯಲ್ಲಿ ಕೊಟ್ಟವರು ಬ್ರೂನೊ ಬೆಟ್ಟೆಲ್‌ಹೈಮ್, 1960ರ ಪುಸ್ತಕದಲ್ಲಿ. ವಿಧಿಗೆ ಶರಣು ಎಂಬ ಹೋಲಿಕೆ ತಪ್ಪೆಂದು ಅವರು ಒಂದು ಮಾತು ಸೇರಿಸಿದ್ದಾರೆ, ಅದನ್ನು ಮರೆಮಾಚಬಾರದು. ಆದರೂ ಕಾವಲುಗಾರರ ಮಾತು ನಂಬಿ ಆಸೆ ಕೈಬಿಟ್ಟವರೇ ಮುಸೆಲ್ಮಾನ್ ಆದರು ಎಂಬುದೇ ಅವರ ವಾದ. ಬೆಟ್ಟೆಲ್‌ಹೈಮ್ ದಾಖೌ, ಬುಖೆನ್‌ವಾಲ್ಡ್‌ಗಳಲ್ಲಿದ್ದದ್ದು 1938–39ರಲ್ಲಿ; ಆಶ್ವಿಟ್ಜ್ ತೆರೆಯುವ ಮೊದಲೇ ಅಮೆರಿಕ ಸೇರಿದ್ದರು.

ಹಸಿವು ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಮಿನ್ನೆಸೋಟದಲ್ಲಿ ವಿಜ್ಞಾನಿ ಆನ್ಸೆಲ್ ಕೀಸ್ ಅಳೆಯುತ್ತಿದ್ದರು. 36 ಯುವಕರು ಸ್ವಇಚ್ಛೆಯಿಂದ ಬಂದವರು, ಧರ್ಮಶ್ರದ್ಧೆಯಿಂದ ಯುದ್ಧ ನಿರಾಕರಿಸಿದವರು ಅವರಲ್ಲಿ ಬಹಳ. ಆರು ತಿಂಗಳ ಅರೆಹೊಟ್ಟೆಯಲ್ಲಿ ಮೈತೂಕ ಕಾಲುಭಾಗ ಇಳಿಯಿತು. ಹುರುಪು, ಗೆಳೆತನ, ಓದು ಎಲ್ಲ ಹೋಗಿ ತಟ್ಟೆಯೊಂದೇ ಲೋಕವಾಯಿತು. ಅಲ್ಲಿ ಬೇಲಿಯಿರಲಿಲ್ಲ, ಹೊಡೆಯುವವರಿರಲಿಲ್ಲ. ನಮ್ಮ ಕಡೆಯವರಿಗೆ ಇದು ಹೊಸದಾಗಬಾರದು. 1877ರಲ್ಲಿ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಬರಗಾಲದ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೆ ಸ್ವಲ್ಪ ಕಾಸು ಸಾಕೆಂದಾಗ ಮದರಾಸಿನ ನೈರ್ಮಲ್ಯಾಧಿಕಾರಿ ಡಾ. ಕಾರ್ನಿಶ್ ವಿರೋಧಿಸಿದ್ದರು, ಬಳ್ಳಾರಿ ಜಿಲ್ಲೆ ಆಗ ಮದರಾಸಿನದೇ. ಒಂದು ಪೌಂಡ್ ಜೋಳವೆಂದರೆ ಸುಮಾರು 1,600 ಕ್ಯಾಲೊರಿ. ಮಣ್ಣು ಹೊರುವ ಮೈಗೆ ಅಷ್ಟು ಕೊಟ್ಟು ಮನೋಬಲದ ಲೆಕ್ಕ ಕೇಳುವುದು ಅನ್ಯಾಯ.

‘ಶರಣು’ ಎಂಬ ಮಾತನ್ನು ಇಷ್ಟು ಹಗುರವಾಗಿ ಬಳಸುವುದನ್ನು ಜೇವರ್ಗಿಯವನಾಗಿ ನಾನು ಸಹಿಸಲಾರೆ. ಅಖಂಡೇಶ್ವರ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನ ಬರೆದ ಷಣ್ಮುಖ ಶಿವಯೋಗಿಗಳು ಇದೇ ಊರಿನವರು. ಅವರ ವಚನಗಳು ಷಟ್‌ಸ್ಥಲದ ಕ್ರಮದಲ್ಲಿ ಸಾಗುತ್ತವೆ: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಅದಾದ ಮೇಲೆ ಶರಣ, ಕೊನೆಗೆ ಐಕ್ಯ. ನಾಲ್ಕು ಸ್ಥಲ ಏರಿದವನು ಎಚ್ಚರದಲ್ಲಿದ್ದು ಮಾಡುವ ಕೆಲಸ ಶರಣಾಗತಿ. ರೊಟ್ಟಿಯ ಚೂರು ಕಸಿದುಕೊಂಡು, ಚಳಿಯಲ್ಲಿ ನಿಲ್ಲಿಸಿ, ಭೇದಿಯಲ್ಲಿ ಒಣಗಿಸಿ ಕೆಡವಿದವನ ಸ್ಥಿತಿಗೆ ಆ ಹೆಸರು ಸಲ್ಲದು. ಬಂದೇನವಾಜರ ಹಾದಿಯವರೂ ಇದನ್ನು ಒಪ್ಪಲಾರರು.

ನಂಬಿಕೆ ಕಳೆದುಕೊಂಡದ್ದಕ್ಕೂ ಈ ಸ್ಥಿತಿಗೂ ಗಂಟು ಹಾಕುವುದೂ ಹೀಗೆಯೇ ತಪ್ಪು. ಕುನ್ ಪ್ರಾರ್ಥಿಸುತ್ತಿದ್ದಾಗ ಪಕ್ಕದ ಹಲಗೆಯಲ್ಲಿ ಇಪ್ಪತ್ತು ವರ್ಷದ ಗ್ರೀಕ್ ಹುಡುಗ ಬೆಪ್ಪೊ ದೀಪವನ್ನೇ ನೋಡುತ್ತ ಮಲಗಿದ್ದ. ನಾಡಿದ್ದು ತನಗೆ ಗ್ಯಾಸ್ ಎಂದು ಅವನಿಗೆ ಗೊತ್ತಿತ್ತು. ತಾನು ದೇವರಾಗಿದ್ದರೆ ಆ ಪ್ರಾರ್ಥನೆಯನ್ನು ಉಗಿದು ಬಿಡುತ್ತಿದ್ದೆ ಎಂಬರ್ಥದಲ್ಲಿ ಲೆವಿ ಬರೆದರು. ಅದೇ ಅಕ್ಟೋಬರಿನ ಆಯ್ಕೆಗೆ ಬತ್ತಲೆಯಾಗಿ ಕಾಯುತ್ತಿದ್ದಾಗ ತನಗೂ ಒಂದು ಕ್ಷಣ ಪ್ರಾರ್ಥಿಸಬೇಕೆನಿಸಿತ್ತು, ಪ್ರಾರ್ಥಿಸಲಿಲ್ಲ ಎಂದು 1986ರಲ್ಲಿ ಹೇಳಿಕೊಂಡರು. ನಾಸ್ತಿಕನಾಗಿ ಒಳಗೆ ಹೋದವರು, ನಾಸ್ತಿಕನಾಗಿಯೇ ಹೊರಬಂದರು. ಕುನ್‌ನಿಗೆ ದೇವರಿದ್ದ, ಬೆಪ್ಪೊನ ಕಡೆ ನೋಡುವ ಕಣ್ಣಿರಲಿಲ್ಲ. ಲೆವಿಗೆ ದೇವರಿರಲಿಲ್ಲ, ಆ ಹುಡುಗ ಕಂಡ.

ಮುಸೆಲ್ಮಾನ್‌ಗೆ ಮಾತೇ ಇಲ್ಲ, ಅವನ ಪರವಾಗಿ ಬೇರೆಯವರು ನುಡಿಯಬೇಕು ಎಂಬುದರ ಮೇಲೆ ಅಗಾಂಬೆನ್‌ರ ಇಡೀ ಪುಸ್ತಕ ನಿಂತಿದೆ. ಆದರೆ ಆ ಪುಸ್ತಕದ ಕೊನೆಯ ಪುಟಗಳಲ್ಲಿ ಮಾತಾಡುವವರು ಮುಸೆಲ್ಮಾನ್ ಆಗಿದ್ದವರೇ: ಆ ಸ್ಥಿತಿಗೆ ಇಳಿದು, ಯಾರೋ ಕೊಟ್ಟ ಸೂಪಿನಿಂದಲೋ ಆಸ್ಪತ್ರೆಯ ಹಾಸಿಗೆಯಿಂದಲೋ ಮರಳಿ ಬಂದವರು. ರಿನ್ ಮತ್ತು ಕ್ವೊಜಿನ್‌ಸ್ಕಿ ಸಂಗ್ರಹಿಸಿದ ಆ ಹೇಳಿಕೆಗಳನ್ನು ಅಗಾಂಬೆನ್ ವ್ಯಾಖ್ಯಾನವಿಲ್ಲದೆ ಹಾಗೇ ಅಚ್ಚುಹಾಕಿದ್ದಾರೆ. ಅವುಗಳಲ್ಲಿ ಹಲವು ‘ನಾನು’ ಎಂದು ಶುರುವಾಗುತ್ತವೆ, ಕ್ರಿಯಾಪದ ಭೂತಕಾಲದ್ದು. ಕನ್ನಡಕ್ಕೆ ತರುವಾಗ ನಾನು ‘ಆಗಿದ್ದೆ’ ಎಂದು ಬರೆದುಕೊಂಡಿದ್ದೇನೆ.