ಮೊದಲು ಬಾಣವೋ, ಮಂತ್ರವೋ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೇಜಿನಲ್ಲಿ ಏಳುವ ತಕರಾರುಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಯಾವುದು ಮೊದಲು ಆಯಿತು? ಮಂತ್ರ ಮುಗಿಯುವ ಮುಂಚೆಯೇ ಬಾಣ ತಾಗಿತೇ? ತಾಗಿದ ಮೇಲೂ ಮಂತ್ರ ಉಳಿಯಿತೇ? ಐವತ್ತು ವರ್ಷಗಳಿಂದ ಈ ಆಟದ ನಿಯಮಗಳು ಪರಿಷ್ಕಾರಗೊಳ್ಳುತ್ತ ಬಂದಿರುವುದು ಬಹುಪಾಲು ಇದಕ್ಕೆ ಉತ್ತರ ಹುಡುಕುತ್ತಲೇ ಎಂಬುದು ನನ್ನ ನಂಬಿಕೆ.

ಮುಂಬೈಯ ಮಲಾಡ್ ಪಶ್ಚಿಮದ ಎವರ್‌ಶೈನ್ ನಗರ, ಓರ್ಲೆಂ ಕಡೆಯ ಫ್ಲ್ಯಾಟುಗಳಲ್ಲಿ ಈ ಆಟವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಊಟದ ಮೇಜಿನ ಸುತ್ತ ಐದಾರು ಜನ. ಒಬ್ಬರು ಡಂಜನ್ ಮಾಸ್ಟರ್, ಎಲ್ಲರ ಬಾಯಲ್ಲೂ ಡಿಎಂ. ಕಥೆ ನಡೆಸುವವರೂ ತೀರ್ಪು ಕೊಡುವವರೂ ಅವರೇ. ಮಿಕ್ಕವರದು ತಲಾ ಒಂದು ಪಾತ್ರ. ಕೆಲಸ ಆಯಿತೋ ಕೆಟ್ಟಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ನಮ್ಮ ಕನ್ನಡ, ತುಳು ಮನೆಗಳ ಮಕ್ಕಳೂ ಅಲ್ಲಿದ್ದಾರೆ. ವಾದ ಶುರುವಾದರೆ ಮಾತ್ರ ಎಲ್ಲರದೂ ಬಂಬೈಯಾ ಹಿಂದಿ.

ಆಟದ ಬೇರು ಯುದ್ಧದ ಆಟಗಳಲ್ಲಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ತಂದ ‘ಚೈನ್‌ಮೇಲ್’ ಪುಟ್ಟ ಗೊಂಬೆ ಸೈನಿಕರ ಕಾಳಗದ ಪುಸ್ತಕ; ಅದರ ಅನುಬಂಧದಲ್ಲಿ ಮಾಂತ್ರಿಕರೂ ಬೆಂಕಿಯುಂಡೆಯೂ ಇದ್ದವು. ಗೈಗ್ಯಾಕ್ಸ್ ಮತ್ತು ಡೇವ್ ಆರ್ನ್‌ಸನ್ ಸೇರಿ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೂರು ತೆಳು ಪುಸ್ತಿಕೆಗಳ ಒಂದು ಡಬ್ಬಿ. ಮಂತ್ರವನ್ನು ನೆನಪಿನಲ್ಲಿ ತುಂಬಿಕೊಳ್ಳಬೇಕು, ಪ್ರಯೋಗಿಸಿದೊಡನೆ ಅದು ಮನಸ್ಸಿನಿಂದ ಅಳಿದುಹೋಗುತ್ತದೆ ಎಂಬ ಕಲ್ಪನೆ ಜಾಕ್ ವ್ಯಾನ್ಸ್‌ನ ಕಥೆಗಳಿಂದ ಬಂತು. ಆದರೆ ಕಾಳಗದಲ್ಲಿ ಯಾರ ಪಾಳಿ ಮೊದಲು ಎಂಬುದನ್ನು ಆ ಪುಸ್ತಿಕೆಗಳು ಬಿಡಿಸಿ ಹೇಳಿರಲಿಲ್ಲ. ಮರುವರ್ಷವೇ ‘ಸ್ಟ್ರಾಟೆಜಿಕ್ ರಿವ್ಯೂ’ ಪತ್ರಿಕೆಯ ಎರಡನೇ ಸಂಚಿಕೆಯಲ್ಲಿ ಪ್ರಶ್ನೋತ್ತರ ಬಂತು. ಒಂಟಿ ವೀರನ ಮೇಲೆ ಹತ್ತು ಆರ್ಕ್‌ಗಳು ಎರಗುವ ಕಾಳಗವನ್ನು ಅಲ್ಲಿ ಸುತ್ತು ಸುತ್ತಾಗಿ ಆಡಿ ತೋರಿಸಿ, ಪಾಳಿ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನೂ ವಿವರಿಸಲಾಗಿತ್ತು.

ಗೊಂದಲ ಅಷ್ಟಕ್ಕೆ ಮುಗಿಯಲಿಲ್ಲ. ‘ಮ್ಯಾಜಿಕ್ ಮಿಸೈಲ್’ ಎಂಬ ಸಣ್ಣ ಮಂತ್ರವನ್ನೇ ನೋಡಿ. ಗುರಿ ತಾಗಿತೇ ಎಂದು ದಾಳ ಹಾಕಬೇಕೋ ಬೇಡವೋ ಎಂದು ಮೊದಲಿನ ಬರಹದಲ್ಲಿ ಸ್ಪಷ್ಟವಿರಲಿಲ್ಲ. 1977ರಲ್ಲಿ ಹೋಮ್ಸ್ ಸಂಪಾದಿಸಿದ ಆವೃತ್ತಿ ಬಿಲ್ಲಿನ ಬಾಣದ ಹಾಗೆ ದಾಳ ಹಾಕಿ ಎಂದಿತು. 1978ರ ‘ಅಡ್ವಾನ್ಸ್ಡ್’ ಆವೃತ್ತಿ ಬೇಡ, ಅದು ತಪ್ಪದೆ ತಾಗುತ್ತದೆ ಎಂದಿತು. ಇಂದಿನ ಆವೃತ್ತಿಯಲ್ಲೂ ಹಾಗೇ ಇದೆ.

ಆ ಅಡ್ವಾನ್ಸ್ಡ್ ಆವೃತ್ತಿಯ ಮುಂದೆ ಸ್ವಲ್ಪ ನಿಲ್ಲಬೇಕು. ಕಾಲವನ್ನು ಅಷ್ಟು ಸೂಕ್ಷ್ಮವಾಗಿ ಅಳೆಯಲು ಹೊರಟ ಆವೃತ್ತಿ ಮತ್ತೊಂದಿಲ್ಲ. ಕಾಳಗದ ಒಂದು ಸುತ್ತು ಎಂದರೆ ಒಂದು ನಿಮಿಷ. ಅದರಲ್ಲಿ ಆರಾರು ಸೆಕೆಂಡಿನ ಹತ್ತು ‘ಸೆಗ್ಮೆಂಟ್’. ಬೆಂಕಿಯುಂಡೆಗೆ ಮೂರು ಸೆಗ್ಮೆಂಟ್ ಬೇಕು; ಅಷ್ಟರೊಳಗೆ ಏಟು ಬಿದ್ದರೆ ಮಂತ್ರ ಹಾಳು. ಇದರ ಮೇಲೆ ಆಯುಧಕ್ಕೊಂದು ವೇಗದ ಅಂಕಿ ಬೇರೆ. ಕತ್ತಿಯ ವೇಗವನ್ನೂ ಮಂತ್ರದ ಅವಧಿಯನ್ನೂ ಹೇಗೆ ತಾಳೆ ಹಾಕಬೇಕು ಎಂಬ ಭಾಗ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಚೆಲ್ಲಾಪಿಲ್ಲಿಯಾಗಿತ್ತು. ಅದೊಂದನ್ನೇ ಬಿಡಿಸಲು ಅಭಿಮಾನಿಗಳು ಮುಂದೆ ಅಡಿಟಿಪ್ಪಣಿಗಳ ಸಮೇತ ದೀರ್ಘ ಟೀಕೆಯನ್ನೇ ಬರೆಯಬೇಕಾಯಿತು.

ಬೆಂಕಿಯುಂಡೆಯ ಲೆಕ್ಕವೂ ಆಗ ಹಾಗೇ ಇತ್ತು. ಅದು ಸುಮಾರು 33,000 ಘನ ಅಡಿ ತುಂಬುತ್ತದೆ. ಜಾಗ ಚಿಕ್ಕದಾದರೆ ಸಿಕ್ಕಿದ ಕಡೆಗೆ ಹರಿಯುತ್ತದೆ. ಮಲಾಡ್‌ನ ನಾನೂರು ಚದರಡಿಯ ಒಂದು ಫ್ಲ್ಯಾಟನ್ನು, ಹತ್ತಡಿ ಎತ್ತರ ಹಿಡಿದು ಗುಣಿಸಿದರೆ, 4,000 ಘನ ಅಡಿ. ಅಂಥ ಎಂಟು ಫ್ಲ್ಯಾಟು ಸುಟ್ಟ ಮೇಲೂ ಬೆಂಕಿ ಮಿಗುತ್ತದೆ, ಮಂತ್ರ ಹಾಕಿದವನೂ ಉಳಿಯುವುದಿಲ್ಲ. ಈ ಲೆಕ್ಕವನ್ನು 2000ದ ಮೂರನೇ ಆವೃತ್ತಿ ಕೈಬಿಟ್ಟಿತು. ಇಪ್ಪತ್ತಡಿ ತ್ರಿಜ್ಯ, ಅಷ್ಟೇ. ಆಟ ಸಲೀಸಾಯಿತು, ಇಕ್ಕಟ್ಟಿನ ಸುರಂಗದಲ್ಲಿ ಬೆಂಕಿ ಎಸೆಯುವ ಮುನ್ನ ಇದ್ದ ಅಂಜಿಕೆ ಹೋಯಿತು. ಅದು ನಷ್ಟವೇ.

ನಿಯಮಗಳ ಇಂಥ ಸಂದೇಹಗಳಿಗೆಂದೇ ನವೆಂಬರ್ 1979ರಲ್ಲಿ ‘ಡ್ರ್ಯಾಗನ್’ ಪತ್ರಿಕೆ ‘ಸೇಜ್ ಅಡ್ವೈಸ್’ ಅಂಕಣ ತೆರೆಯಿತು. ಮೊದಲು ಉತ್ತರಿಸಿದವರು ಜೀನ್ ವೆಲ್ಸ್. 1980ರ ದಶಕದ ನಡುವಿನಿಂದ ಸ್ಕಿಪ್ ವಿಲಿಯಮ್ಸ್ ವರ್ಷಗಟ್ಟಲೆ ಓದುಗರ ಸಂದೇಹಗಳನ್ನು ಬಿಡಿಸಿದರು. ಮುಂದೆ ಮಾಂಟಿ ಕುಕ್, ಜೊನಾಥನ್ ಟ್ವೀಟ್ ಜೊತೆ ಮೂರನೇ ಆವೃತ್ತಿಯನ್ನು ಕಟ್ಟಿದವರಲ್ಲಿ ಇದೇ ವಿಲಿಯಮ್ಸ್ ಒಬ್ಬರು. ತಕರಾರು ಎಲ್ಲಿ ಏಳುತ್ತದೆ ಎಂದು ಅಷ್ಟು ಕಾಲ ಕಂಡವರ ಕೈ ಆ ಪುಸ್ತಕದಲ್ಲಿ ಕಾಣುತ್ತದೆ. ಸುತ್ತು ಆರು ಸೆಕೆಂಡಿಗೆ ಇಳಿಯಿತು, ಸೆಗ್ಮೆಂಟ್ ಹೋಯಿತು, ಏಟು ತಿಂದ ಮಂತ್ರವಾದಿಗೆ ದಾಳ ಹಾಕಿ ಮಂತ್ರ ಉಳಿಸಿಕೊಳ್ಳುವ ಅವಕಾಶ ಸಿಕ್ಕಿತು. 2008ರ ನಾಲ್ಕನೇ ಆವೃತ್ತಿಯನ್ನು ಬಹಳ ಜನ ಬಯ್ದರು. ಆದರೆ ಎದುರಾಳಿಯ ಕೆಲಸವನ್ನು ನಡುವೆ ತಡೆಯುವುದು ಬೇರೆ, ಮುಗಿದ ಮೇಲೆ ಪ್ರತಿಕ್ರಿಯಿಸುವುದು ಬೇರೆ ಎಂದು ಅದು ಬರೆದಷ್ಟು ನಿಚ್ಚಳವಾಗಿ ಬೇರೆ ಯಾವ ಆವೃತ್ತಿಯೂ ಬರೆದಿಲ್ಲ.

ಮಲಾಡ್‌ನ ಮೇಜುಗಳಲ್ಲಿ ನಾನು ಕಂಡದ್ದು 2014ರ ಐದನೇ ಆವೃತ್ತಿ. ಅದರ ಮೂಲ ನಿಯಮಗಳನ್ನು ಜನವರಿ 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತಗೊಳಿಸಲಾಯಿತು. ದುಬಾರಿ ಪುಸ್ತಕ ಕೊಳ್ಳಲಾಗದ ಕಾಲೇಜು ಹುಡುಗರಿಗೆ ಇದು ದೊಡ್ಡ ಅನುಕೂಲ. ಇಲ್ಲಿ ಕೆಲವು ಮಂತ್ರಗಳಿಗೆ ‘ಕಾನ್ಸಂಟ್ರೇಷನ್’ ಎಂಬ ಕಟ್ಟು ಇದೆ: ಅಂಥ ಮಂತ್ರ ಒಂದು ಸಲಕ್ಕೆ ಒಂದೇ, ಪೆಟ್ಟು ಬಿದ್ದಾಗ ಅದನ್ನು ಉಳಿಸಿಕೊಳ್ಳಲು ದಾಳ. ಒಂದು ರಾತ್ರಿ ಮಂತ್ರವಾದಿಯೊಬ್ಬಳು ಬಲೆಯ ಮಂತ್ರ ಹಿಡಿದು ನಿಂತಿದ್ದಳು. ಬಾಣದಿಂದ ಆರು, ದೈತ್ಯ ಎಸೆದ ಬಂಡೆಯಿಂದ ಇಪ್ಪತ್ತೆಂಟು ಪೆಟ್ಟು ಬಿತ್ತು. “ದೋನೋಂ ಮಿಲಾ ಕೆ ಚೌಂತೀಸ್, ಆಧಾ ಸತ್ರಾ” ಎಂದು ಒಬ್ಬ ಕೂಡಿಸಿ ಹೇಳಿದ, ಹದಿನೇಳು ಬರಲೇಬೇಕೆಂದು ಪಟ್ಟು ಹಿಡಿದ. ನಿಯಮ ಹಾಗಿಲ್ಲ. ಪೆಟ್ಟಿನ ಮೂಲ ಎರಡಾದರೆ ದಾಳವೂ ಎರಡು. ಬೇಕಾದದ್ದು ಹತ್ತು, ಅಥವಾ ಪೆಟ್ಟಿನ ಅರ್ಧ; ಯಾವುದು ಹೆಚ್ಚೋ ಅದು. ಹಾಗಾಗಿ ಬಾಣಕ್ಕೆ ಹತ್ತು, ಬಂಡೆಗೆ ಹದಿನಾಲ್ಕು. ಎರಡನ್ನೂ ದಾಟಿದಳು, ಬಲೆ ಉಳಿಯಿತು.

ಈ ಆವೃತ್ತಿಯ ಸಂದೇಹಗಳಿಗೆ ಉತ್ತರಿಸುತ್ತಿದ್ದವರು ಜೆರೆಮಿ ಕ್ರಾಫರ್ಡ್. ಅವರ ಎಲ್ಲ ತೀರ್ಪೂ ಹಿಡಿಸುವಂಥದ್ದಲ್ಲ. ಅದೃಶ್ಯನನ್ನು ಕಾಣುವ ಮಂತ್ರ ಹಾಕಿಕೊಂಡರೂ ಅದೃಶ್ಯನಿಗಿರುವ ಕಾಳಗದ ಅನುಕೂಲ ತಪ್ಪುವುದಿಲ್ಲ ಎಂದರು. ಬರೆದ ಅಕ್ಷರಕ್ಕೆ ಅದು ಸರಿ, ಆಟದ ನ್ಯಾಯಕ್ಕಲ್ಲ. 2024ರ ಪರಿಷ್ಕೃತ ಪುಸ್ತಕ ಇದನ್ನು ತಿದ್ದಿತು: ನಿಮ್ಮನ್ನು ಕಾಣಬಲ್ಲವನ ಎದುರು ಆ ಅನುಕೂಲ ಇಲ್ಲ. ಎದುರಾಳಿಯ ಮಂತ್ರ ಮುರಿಯುವ ‘ಕೌಂಟರ್‌ಸ್ಪೆಲ್’ ಕೂಡ ಬದಲಾಯಿತು. ಮೊದಲು ಮೂರನೇ ಮಟ್ಟದವರೆಗಿನ ಮಂತ್ರ ತಾನಾಗಿಯೇ ಮುರಿಯುತ್ತಿತ್ತು, ಎದುರಾಳಿಗೆ ದಾಳದ ಅವಕಾಶವೇ ಇರಲಿಲ್ಲ. ಈಗ ಆತ ದಾಳ ಹಾಕಿ ತಡೆದುಕೊಳ್ಳಬಹುದು. ಸೋತರೂ ಆ ಮಂತ್ರದ ಶಕ್ತಿ ಖರ್ಚಾಗುವುದಿಲ್ಲ. ಅರ್ಧ ಗಂಟೆ ಕಾದು ಬಂದ ಪಾಳಿ ಒಂದೇ ಮಾತಿಗೆ ವ್ಯರ್ಥವಾಗುವ ಸಂಕಟ ಕಂಡವರಿಗೆ ಈ ತಿದ್ದುಪಡಿಯ ಬೆಲೆ ಗೊತ್ತು.

ಎರಡು ಪರಿಣಾಮ ಒಂದೇ ಕ್ಷಣದಲ್ಲಿ ಬಂದರೆ? ಯಾರ ಪಾಳಿ ನಡೆಯುತ್ತಿದೆಯೋ ಅವರೇ ಕ್ರಮ ಹೇಳಲಿ ಎಂದು 2017ರ ‘ಕ್ಸಾನಥಾರ್ಸ್ ಗೈಡ್’ ಸೂಚಿಸಿತು. ಅಡಗುವ ನಿಯಮ ಮಾತ್ರ ಇನ್ನೂ ತೊಡಕಾಗಿಯೇ ಇದೆ. 2024ರ ಪುಸ್ತಕದ ಪ್ರಕಾರ ಅಡಗುವಲ್ಲಿ ಗೆದ್ದವನು ‘ಅದೃಶ್ಯ’ನಾಗುತ್ತಾನೆ. ಕಂಬದ ಹಿಂದಿನಿಂದ ಹೊರಬಂದು ಕಾವಲುಗಾರನ ಕಣ್ಣೆದುರೇ ನಡೆದರೂ ಹಾಗೇ ಉಳಿಯುತ್ತಾನೆಯೇ ಎಂಬುದಕ್ಕೆ ಒಂದೊಂದು ಮೇಜಿನಲ್ಲಿ ಒಂದೊಂದು ಉತ್ತರ. ಎವರ್‌ಶೈನ್ ನಗರದ ಡಿಎಂ ಒಬ್ಬಳು, ಕಾವಲುಗಾರ ತಲೆಯೆತ್ತಿ ನೋಡಿದರೆ ಮುಗಿಯಿತು ಎಂದು ತೀರ್ಪು ಕೊಟ್ಟು ಆಟ ಮುಂದುವರಿಸುತ್ತಾಳೆ. ಪುಸ್ತಕ ತೆರೆದು ವಾದಿಸುವುದೇನಿದ್ದರೂ ಆಟ ಮುಗಿದ ಮೇಲೆ, ಚಹಾದ ಹೊತ್ತಿಗೆ.